ಮೂಸದ ಹೂವಿನ ಪಾನಕ

ಒಂದು ಲೋಟ ಪಾನಕಕ್ಕೆ ಉಗ್ರಕೋಪವನ್ನೂ ಇಳಿಸಿಕೊಳ್ಳುವ ನಮ್ಮ ಮನೆದೇವರು ಲಕ್ಷ್ಮೀನರಸಿಂಹನಿಗೆ ಮೊದಲ ನಮಸ್ಕಾರ. ಆ ಕೋಪದಲ್ಲಿ ಒಂದು ಚಮಚದಷ್ಟು ನನಗೂ ಪ್ರಸಾದವಾಗಿ ಬಂದಿದ್ದರೆ ಕೇಳುವವರು ಕ್ಷಮಿಸಬೇಕು.

ಭಕ್ತಿಯಿಂದ ಮಾಡಿದ ಕೆಲಸವೇ ಎಡವಟ್ಟಾಗುವುದು ನನಗೆ ಹೊಸದಲ್ಲ. ಸ್ವೀಡನ್ನಿನ ಸೋಡರ್‌ಟೆಲ್ಯೆ ಊರಿಗೆ ಬಂದ ಮೇಲೆ ಅದು ತಪ್ಪದೆ ಜೂನ್ ತಿಂಗಳಲ್ಲೇ ಆಗತೊಡಗಿತು. ಜೂನ್‌ನಲ್ಲಿ ಇಲ್ಲಿ ಫ್ಲೆಡರ್ ಎಂಬ ಗಿಡ ಬಿಳಿ ಹೂಗೊಂಚಲು ಬಿಡುತ್ತದೆ. ಆಫೀಸಿನಲ್ಲಿ ನನ್ನ ಒಂದು ವರ್ಷದ ಕರಾರೂ ಮುಗಿಯುತ್ತದೆ. ಮ್ಯಾನೇಜರ್ ಇನ್ನೊಂದು ವರ್ಷ ಎಂದರೆ ಉಳಿದೆವು. ಬೇಡ ಎಂದರೆ ಮೂರು ತಿಂಗಳೊಳಗೆ ಬೇರೆ ಕೆಲಸ ಹುಡುಕಬೇಕು; ಸಿಗದಿದ್ದರೆ ನಾನು, ನನ್ನ ಕೆಲಸದ ಪರ್ಮಿಟ್ಟಿನ ಬಾಲ ಹಿಡಿದು ಬಂದ ನಮ್ಮನೆಯವರು, ಮಗಳು, ಮೂವರೂ ಗಂಟುಮೂಟೆ ಕಟ್ಟಬೇಕು.

ಮೂಗು

ಗಿಡ ತೋರಿಸಿದ್ದು ಪಕ್ಕದ ಮನೆಯ ಸ್ವೀಡಿಷ್ ಅಜ್ಜಿ. ಇಲ್ಲಿಯವರು ಈ ಹೂವನ್ನು ನಿಂಬೆ, ಸಕ್ಕರೆ ಜೊತೆ ನಾಲ್ಕು ದಿನ ನೆನೆಸಿ ಪಾನಕ ಮಾಡುತ್ತಾರೆ. ಪಾನಕ ಎಂದ ಕೂಡಲೇ ನನಗೆ ಸ್ವಾಮಿಯ ನೆನಪಾಯಿತು. ಬುಟ್ಟಿ ತಂದೆ.

"ಒಂದೊಂದು ಗೊಂಚಲನ್ನೂ ಮೂಸು," ಅಂದಳು ಅಜ್ಜಿ. "ನಿಂಬೆ ವಾಸನೆ ಬಂದರೆ ಕೀಳು. ಬೆಕ್ಕಿನ ಉಚ್ಚೆ ವಾಸನೆ ಬಂದರೆ ಬಿಡು, ಅದು ಹಳತಾಗಿದೆ ಅಂತ."

"ಅಯ್ಯೋ ಅಜ್ಜಿ, ದೇವರಿಗಿಡೋ ಹೂವನ್ನ ನಾವು ಮೂಸಲ್ಲ."

"ಯಾಕೆ, ನಿನ್ನ ದೇವರಿಗೆ ಮೂಗಿಲ್ಲವಾ?"

"ಇದೆ. ಅದಕ್ಕೇ ಮೊದಲು ಅವನು ಮೂಸಬೇಕು."

ಅಜ್ಜಿ ನನ್ನನ್ನೂ ಬುಟ್ಟಿಯನ್ನೂ ನೋಡಿದಳು. "ಹಾಗಾದರೆ ಮೊದಲು ಅವನೇ ಕುಡಿಯಲಿ," ಅಂದಳು.

ಮೂರು ನೀರು

ಸ್ನಾನ ಮಾಡಿ, ಮಡಿಯುಟ್ಟು, ಹೂವನ್ನು ಮೂರು ನೀರಿನಲ್ಲಿ ತೊಳೆದೆ. ಹಳದಿ ನೀರು ಹರಿಯಿತು. ಕೊಳೆ ಹೋಯಿತಲ್ಲ ಎಂದು ಸಮಾಧಾನಪಟ್ಟೆ. ಹೂವನ್ನು ಕೊಡವಿ ಹುಳ ಉದುರಿಸಿದರೆ ಸಾಕು, ತೊಳೆಯಲೇಬಾರದು, ಆ ಹಳದಿ ಪುಡಿಯೇ ಅದರ ಪರಿಮಳ ಎಂದು ಗೊತ್ತಾಗಿದ್ದು ಬಹಳ ಆಮೇಲೆ. ಪರಿಮಳ ಚರಂಡಿಗೆ ಹೋಯಿತು, ಬೆಕ್ಕು ಪಾತ್ರೆಯಲ್ಲಿ ಉಳಿಯಿತು.

ನಾಲ್ಕು ದಿನ ನೆನೆಸಿ, ಸೋಸಿ, ನೈವೇದ್ಯ ಮಾಡಿ ಎಲ್ಲರಿಗೂ ಕೊಟ್ಟೆ. ನಾನಂತೂ ಪ್ರಸಾದದ ರುಚಿ ನೋಡುವವಳಲ್ಲ; ಕಣ್ಣುಮುಚ್ಚಿ ನುಂಗಿದೆ. ಮಗಳು ಅಡುಗೆಮನೆ ಬಾಗಿಲಿಗೆ ಬಂದು ನಿಂತವಳು ಸ್ವೀಡಿಷ್‌ನಲ್ಲಿ ಕೇಳಿದಳು, "ನಾವು ಬೆಕ್ಕು ಸಾಕಿದ್ದೀವಾ?"

ನಮ್ಮನೆಯವರು ಮಾತ್ರ ಅಂಗೈಯಲ್ಲಿ ಹಿಡಿದು, ತುಟಿಗೆ ತಾಗಿಸಿದಂತೆ ಮಾಡಿ, ತೀರ್ಥದ ಹಾಗೆ ತಲೆಗೆ ಒರೆಸಿಕೊಂಡರು.

"ಇನ್ನೊಂದು ಸ್ವಲ್ಪ ತಗೊಳ್ಳಿ ರೀ."

ಅದನ್ನೂ ತಲೆಗೇ ಒರೆಸಿದರು. ಅವರ ಭಕ್ತಿ ನೋಡಿ ನನ್ನ ಕಣ್ಣು ತುಂಬಿತು. ಸಂಜೆ ಅವರು ಬಸ್ಸಿಳಿದು ಬರುವಾಗ ಹಿಂದೆ ಯಾರ ಮನೆಯದೋ ಗಂಡುಬೆಕ್ಕೊಂದು ಬರುತ್ತಿತ್ತು.

ಕಿಟಕಿಯ ಗಿಡ

ಮರುದಿನ ಎರಡು ಬಾಟಲಿ ಆಫೀಸಿನ ಫಿಕಾಗೆ ಒಯ್ದೆ. ಫಿಕಾ ಅಂದರೆ ಎಲ್ಲರೂ ಕೆಲಸ ನಿಲ್ಲಿಸಿ ಕೂತು ಕಾಫಿ ಕುಡಿಯುವ ಹೊತ್ತು, ತಪ್ಪಿಸಿಕೊಳ್ಳುವ ಹಾಗಿಲ್ಲ. ಮ್ಯಾನೇಜರ್ ಒಂದು ಗುಟುಕು ಕುಡಿದ. ಸ್ವಲ್ಪ ಹೊತ್ತು ಕಿಟಕಿಯಾಚೆ ನೋಡಿದ.

"ಆಸಕ್ತಿ ಹುಟ್ಟಿಸುವ ರುಚಿ," ಅಂದ.

ಆ ವಾರವೇ ಕರಾರು ಇನ್ನೊಂದು ವರ್ಷ ಮುಂದುವರಿಯಿತು. ನಾನು ಪಾನಕದ ಮಹಿಮೆ ಎಂದುಕೊಂಡು ಮರುವರ್ಷ ನಾಲ್ಕು ಬಾಟಲಿ ಒಯ್ದೆ. ಮತ್ತೆ ಅದೇ ಮಾತು, ಮತ್ತೆ ಒಂದು ವರ್ಷ. ಎಲ್ಲರ ಲೋಟವೂ ಖಾಲಿ. ಆದರೆ ಕಿಟಕಿ ಪಕ್ಕದ ಕುಂಡದಲ್ಲಿದ್ದ ಗಿಡ ಹದಿನೈದೇ ದಿನಕ್ಕೆ ಸತ್ತುಹೋಯಿತು. ಪಾಪ, ಯಾರು ಏನು ಸುರಿದರೋ ಎಂದು ಎಲ್ಲರೆದುರು ಮರುಗಿದವಳು ನಾನೊಬ್ಬಳೇ. ಉಳಿದವರು ಕಾಫಿ ಲೋಟದೊಳಗೆ ನೋಡುತ್ತಿದ್ದರು.

ಅಜ್ಜಿಗೆ ಹೇಳಿದೆ. ಅವಳು ನಗಲಿಲ್ಲ. "ಇಲ್ಲಿಯವರು ಚೆನ್ನಾಗಿಲ್ಲ ಅಂತ ಹೇಳೋದಿಲ್ಲ ಮಗು. ಆಸಕ್ತಿ ಹುಟ್ಟಿಸುತ್ತೆ ಅಂತಾರೆ," ಅಂದಳು. ಎರಡು ವರ್ಷ ಒಬ್ಬರೂ ನನಗೊಂದು ಮಾತು ಹೇಳಲಿಲ್ಲ. ಗಿಡವೊಂದೇ ನಿಜ ಹೇಳಿದ್ದು.

ಹಸ್ತಾಂತರ

ಮೂರನೆಯ ಜೂನ್‌ನಲ್ಲಿ ಸ್ವಾಮಿಗೆ ಬೇರೆಯಾಗಿ ಬೆಲ್ಲದ ಪಾನಕ ಇಟ್ಟು, ತಪ್ಪಾಯಿತು ಎಂದು ಕೆನ್ನೆ ಬಡಿದುಕೊಂಡು, ಬಿಸಿಲೇರಿದ ಮೇಲೆ ಗಿಡದ ಹತ್ತಿರ ಹೋದೆ. ಒಂದೊಂದು ಗೊಂಚಲನ್ನೂ ಮೂಸಿದೆ. ತೊಳೆಯಲಿಲ್ಲ. ನಾಲ್ಕನೆಯ ದಿನ ಮುಚ್ಚಳ ತೆಗೆದರೆ ಮನೆಯೆಲ್ಲ ಘಮ್ಮೆಂದಿತು. ಮಗಳು ಎರಡು ಲೋಟ ಕುಡಿದಳು. ನಮ್ಮನೆಯವರು ಮೊದಲ ಸಲ ಬಾಯಿಂದಲೇ ಕುಡಿದರು.

ಬಾಟಲಿ ಹಿಡಿದು ಆಫೀಸಿಗೆ ಹೋದರೆ ಮ್ಯಾನೇಜರ್ ಕೋಣೆಗೆ ಕರೆದ. ಕೂತುಕೋ ಅಂದ. ಬಾಗಿಲು ಹಾಕಿದ.

"ಈ ವರ್ಷ ಮುಂದುವರಿಸೋಕೆ ಆಗ್ತಿಲ್ಲ. ಇದು ನಿನ್ನ ಬಗ್ಗೆ ಅಲ್ಲ."

ಹೋಗುವುದು ನಾನು, ಆದರೂ ನನ್ನ ಬಗ್ಗೆ ಅಲ್ಲವಂತೆ. ಕೈಯಲ್ಲಿದ್ದ ಬಾಟಲಿಯನ್ನು ಮೇಜಿನ ಮೇಲಿಟ್ಟೆ. ಅವನು ಮರ್ಯಾದೆಗೆ ಒಂದು ಗುಟುಕು ಕುಡಿದ. ನಿಂತ. ಲೋಟ ಪೂರ್ತಿ ಖಾಲಿ ಮಾಡಿದ. ಬಾಗಿಲು ತೆಗೆದು ಎಲ್ಲರನ್ನೂ ಕರೆದ. ಐದು ನಿಮಿಷಕ್ಕೆ ಬಾಟಲಿ ಬರಿದು. ಅವತ್ತು ಯಾರೂ ಕಿಟಕಿಯ ಹತ್ತಿರ ಸುಳಿಯಲಿಲ್ಲ.

"ಹೋಗೋ ಮುಂಚೆ," ಅಂದ ಮ್ಯಾನೇಜರ್, ಬಾಯಿ ಒರೆಸಿಕೊಳ್ಳುತ್ತ, "ನಿನ್ನ ಕೆಲಸದ ಬಗ್ಗೆ ಅರ್ಧ ಪುಟ ಬರೆದಿಟ್ಟರೆ ಸಾಕು. ಆದರೆ ಇದನ್ನ ಮಾಡೋ ವಿಧಾನ ಮಾತ್ರ ವಿವರವಾಗಿ ಬರಿ. ಮುಂದಿನ ಜೂನ್‌ಗೆ ನಾವೇ ಮಾಡಿಕೊಳ್ತೀವಿ."

ಮನೆಗೆ ಬಂದು ಹೇಳಿದೆ. "ಹೂವಿನ ಪಾನಕ ಮೊದಲು ಸ್ವಾಮಿಗೆ ಕೊಟ್ಟ ಎರಡು ವರ್ಷವೂ ಕೆಲಸ ಉಳೀತು, ನೋಡು," ಅಂದರು ನಮ್ಮನೆಯವರು.

ಈಗ ಮೂರು ತಿಂಗಳಲ್ಲಿ ಎರಡು ಕಳೆದಿವೆ. ಕಳಿಸಿದ ಅರ್ಜಿಗಳಿಗೆಲ್ಲ ನನ್ನ ಅನುಭವ ಬಹಳ ಆಸಕ್ತಿ ಹುಟ್ಟಿಸುತ್ತದೆ ಎಂಬ ಉತ್ತರ ಬರುತ್ತಿದೆ. ಸೂಟ್‌ಕೇಸುಗಳನ್ನು ಕೆಳಗಿಳಿಸಿ ಒರೆಸಿಟ್ಟಿದ್ದೇನೆ.

ಪಾನಕದ ವಿಧಾನವನ್ನು ಮಾತ್ರ ಕೇಳಿದಂತೆ ವಿವರವಾಗಿಯೇ ಬರೆದುಕೊಟ್ಟು ಬಂದೆ. ಮೊದಲನೆಯದು: ಹೂವನ್ನು ಯಾವ ಕಾರಣಕ್ಕೂ ಮೂಸಬಾರದು. ಎರಡನೆಯದು: ಮೂರು ನೀರಿನಲ್ಲಿ ತೊಳೆಯಬೇಕು. ಸುಳ್ಳು ಬರೆಯಲಿಲ್ಲ ಸ್ವಾಮಿ, ಶಾಸ್ತ್ರ ಬರೆದೆ.

ಇಷ್ಟು ಹೊತ್ತು ಕೂತು ಕೇಳಿದ ನಿಮ್ಮೆಲ್ಲರ ಮನೆಯಲ್ಲಿ ಅನ್ನ, ನೀರು, ನೆಲೆ ತಪ್ಪದಿರಲಿ. ನಿಮ್ಮ ಲೋಟದಲ್ಲಿ ಸದಾ ಒಳ್ಳೆಯದೇ ಇರಲಿ. ಆಫೀಸಿನ ಆ ಕಿಟಕಿಯಲ್ಲಿ ಹೊಸ ಗಿಡ ಇಟ್ಟಿದ್ದಾರಂತೆ. ಮುಂದಿನ ಜೂನ್‌ನಲ್ಲಿ ಅದನ್ನೂ ಸ್ವಾಮಿಯೇ ಕಾಪಾಡಲಿ.