ಬೆಲ್ಲಿಯ ಆಪರೇಷನ್

ಅಡುಗೆಮನೆಯ ಕಿಟಕಿ ತೆರೆದಿಟ್ಟುಕೊಂಡು ಫೋನಿನಲ್ಲಿ ಗಟ್ಟಿಯಾಗಿ ಮಾತಾಡಬಾರದು. ಪಾಂಡವಪುರದ ಹೈಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರಾಗಿದ್ದ ರವೀಂದ್ರನಿಗೆ ಮೆಲ್ಲಗೆ ಮಾತಾಡುವುದೇ ಗೊತ್ತಿರಲಿಲ್ಲ. ಫೋನಿಗೂ ಅವನು ಸಾವಧಾನ್, ವಿಶ್ರಾಮ್ ಹೇಳುವ ದನಿಯಲ್ಲೇ ಉತ್ತರಿಸುತ್ತಿದ್ದ.

"ಹೂಂ ಡಾಕ್ಟ್ರೇ, ಇವತ್ತೇ ಆಪರೇಷನ್ ಮಾಡ್ಬುಡಿ. ಮಕ್ಕಳಾಗೋ ತಾಪತ್ರಯವೇ ಬ್ಯಾಡ."

ಕಾಂಪೌಂಡಿನಾಚೆ ಅವರೆಕಾಯಿ ಸುಲಿಯುತ್ತಿದ್ದ ಚಿಕ್ಕಬೋರಮ್ಮನ ಕೈ ಅಲ್ಲೇ ನಿಂತಿತು. ಆಮೇಲೆ ಅವರೆಕಾಯಿಯೂ ಸುಲಿಯಲಿಲ್ಲ, ಒಲೆಯೂ ಹಚ್ಚಲಿಲ್ಲ.

ರವೀಂದ್ರನೂ ಅವನ ಹೆಂಡತಿ ಪವಿತ್ರಳೂ ಮಕ್ಕಳು ಬೇಡವೆಂದು ಮದುವೆಯ ಮೊದಲೇ ಕೂತು ಮಾತಾಡಿಕೊಂಡಿದ್ದರು. ಅವನಿಗೆ ಸ್ಕೂಲಿನ ಮಕ್ಕಳೇ ಹೊಟ್ಟೆ ತುಂಬುವಷ್ಟಿದ್ದರು. ಬ್ಯಾಂಕಿನಲ್ಲಿ ಕೆಲಸ ಮಾಡುವ ಅವಳಿಗೆ ಸಂಜೆ ಮನೆಗೆ ಬಂದರೆ ನಿಶ್ಶಬ್ದ ಬೇಕಿತ್ತು. ಅದಕ್ಕೇ ಬೆಲ್ಲದ ಬಣ್ಣದ ಒಂದು ನಾಯಿಮರಿ ತಂದು ಬೆಲ್ಲಿ ಎಂದು ಹೆಸರಿಟ್ಟು ಮಗಳ ಹಾಗೆ ಸಾಕಿದ್ದರು. ಬೆಲ್ಲಿ ಮರಿ ಹಾಕುವುದಕ್ಕೂ ಅವರು 'ಮಕ್ಕಳಾಗೋದು' ಎಂದೇ ಹೇಳುತ್ತಿದ್ದರು. ಆದರೆ ಅದು ಚಿಕ್ಕಬೋರಮ್ಮನಿಗೆ ಹೇಗೆ ಗೊತ್ತಾಗಬೇಕು?

ಪವಿತ್ರ ಬ್ಯಾಂಕಿಗೆ ಹೊರಟುಹೋದಳು. ರವೀಂದ್ರ ಗೇಟಿನ ಹತ್ತಿರ ಸ್ಕೂಟರು ಒರೆಸುತ್ತಿದ್ದಾಗ ಚಿಕ್ಕಬೋರಮ್ಮನ ಗಂಡ ದ್ಯಾವಯ್ಯ ಬಂದು ನಿಂತ. ಸಾವಿನ ಮನೆಗೆ ಬಂದವನ ಮುಖ.

"ಇವತ್ತು ಆಪರೇಷನ್ ಅಂತೆ?"

"ಹೂಂ ದ್ಯಾವಣ್ಣ. ಎಷ್ಟು ದಿನ ಅಂತ ಮುಂದಕ್ಕಾಕೋದು?"

"ಒಂದಾದ್ರೂ ಆಗ್ಲಿ ಕಣ್ಲಾ. ಆಮೇಲ್ ಬೇಕಾದ್ರೆ ಮಾಡ್ಸು."

"ಒಂದೇ ಆಯ್ತದೆ ಅಂತ ಏನ್ ಗ್ಯಾರಂಟಿ? ಒಂದೇ ಸಲಕ್ಕೆ ಆರೋ ಏಳೋ ಆಗ್ಬುಟ್ರೆ ಎಲ್ಲಿಗೆ ತಗೊಂಡೋಗಿ ಬುಡಾನ?"

ದ್ಯಾವಯ್ಯ ಗೇಟು ಹಿಡಿದುಕೊಂಡ. "ಪವಿತ್ರಮ್ಮ ಒಪ್ಪವ್ಳಾ?"

"ಅವಳೇ ಡಾಕ್ಟ್ರನ್ನ ಗೊತ್ ಮಾಡಿರೋದು."

"ನೋವಾಗಕಿಲ್ವೇನ್ಲಾ?"

"ಮತ್ತು ಬರೋ ಸೂಜಿ ಚುಚ್ತಾರೆ, ಗೊತ್ತೇ ಆಗಲ್ಲ. ಆಮೇಲೆ ಹೊಲಿಗೆ ಹಾಕಿದ್ ಜಾಗ ನೆಕ್ಕೊಳ್ದಂಗೆ ಕತ್ತಿಗೊಂದು ಬುಟ್ಟಿಯಂಥದ್ದು ಕಟ್ತಾರೆ, ಅಷ್ಟೇಯ."

ದ್ಯಾವಯ್ಯ ಒಂದು ಗಳಿಗೆ ರವೀಂದ್ರನ ಕತ್ತನ್ನೇ ನೋಡಿದ. ಒಂದು ಸಲ ಕಣ್ಣು ಕೆಳಗೂ ಹೋಗಿಬಂತು. ತಿರುಗಿ, ಬಿಸಿಲು ಹೊಡೆದವನಂತೆ ಮನೆಗೆ ನಡೆದ.

ಹತ್ತು ನಿಮಿಷದ ಮೇಲೆ ರವೀಂದ್ರ ಬೆಲ್ಲಿಯನ್ನು ಸ್ಕೂಟರಿನ ಮುಂದೆ ಕೂರಿಸಿಕೊಂಡು ಹೊರಟಾಗ ಗಂಡ ಹೆಂಡತಿ ಇಬ್ಬರೂ ಜಗಲಿಯಲ್ಲಿದ್ದರು.

"ನೋಡಮ್ಮಿ," ಎಂದ ದ್ಯಾವಯ್ಯ. "ಕಟ್ಕಂಡೋಳು ಬ್ಯಾಂಕಿಗೋದ್ಲು. ಇಂಥ ಕಷ್ಟದಲ್ಲೂ ಅವ್ನ ಜೊತ್ಗೆ ಓಯ್ತಿರೋದು ನಾಯಿ!"

ಚಿಕ್ಕಬೋರಮ್ಮನಿಗೆ ತಡೆಯಲಾಗಲಿಲ್ಲ. ಸಿಂಧಘಟ್ಟದಲ್ಲಿದ್ದ ರವೀಂದ್ರನ ಅವ್ವ ಮಾಯಮ್ಮನಿಗೆ ಫೋನು ಮಾಡಿದಳು.

ಪಶು ಆಸ್ಪತ್ರೆಯಲ್ಲಿ ರವೀಂದ್ರನಿಗಿಂತ ಮುಂಚೆ ಕಾಲು ಮುರಿದ ಮೇಕೆ, ಹೊಟ್ಟೆ ಉಬ್ಬಿದ ಹಸು, ಯಾಕೆ ಬಂದಿದೆಯೆಂದು ಯಜಮಾನನಿಗೂ ತಿಳಿಯದ ಒಂದು ಹೋರಿ ಇದ್ದವು. ಜೇಬಿನಲ್ಲಿ ಫೋನು ಒಂದೇ ಸಮನೆ ಗುಂಯ್‌ಗುಟ್ಟಿತು. ಅವ್ವ. ಅವ್ವನ ಫೋನು ಎತ್ತಿದರೆ ಮೊಮ್ಮಗುವಿನ ಮಾತೇ ಎಂದುಕೊಂಡು ಅವನು ಎತ್ತಲಿಲ್ಲ. ಹೊಟ್ಟೆ ಹಸಿದು ಮುಲುಗುತ್ತಿದ್ದ ಬೆಲ್ಲಿಯ ಬೆನ್ನು ಸವರುತ್ತಾ ಬೆಂಚಿನ ಮೇಲೆ ಕೂತ.

ಅಷ್ಟರಲ್ಲಿ ಮಾಯಮ್ಮ ಟೊಮೆಟೊ ತುಂಬಿದ ಗೂಡ್ಸ್ ಆಟೋ ಏರಿ ಪಾಂಡವಪುರಕ್ಕೆ ಬಂದಾಗಿತ್ತು. ಮೊದಲು ದೊಡ್ಡಾಸ್ಪತ್ರೆಗೆ ನುಗ್ಗಿ, ಆಪರೇಷನ್ ರೂಮಿನ ಬಾಗಿಲು ಬಡಿದು, "ನನ್ ಮಗನ್ನ ಈಚ್ಗೆ ಬುಡ್ರಪ್ಪಾ!" ಎಂದು ಬಾಯಿ ಮಾಡಿದ್ದಳು. ಒಳಗಿಂದ ಹರ್ನಿಯಾ ಹೊಲಿಸಿಕೊಂಡ ಯಾರೋ ಮುದುಕ ಸ್ಟ್ರೆಚರಿನ ಮೇಲೆ ಈಚೆಗೆ ಬಂದ. ಅವಳು ಬಂದಿಳಿದಾಗಿನಿಂದ ಜೊತೆಗೆ ಹುಡುಕುತ್ತಿದ್ದ ದ್ಯಾವಯ್ಯನ ಕಣ್ಣಿಗೆ ಕೊನೆಗೆ ಪಶು ಆಸ್ಪತ್ರೆಯ ಮುಂದಿದ್ದ ರವೀಂದ್ರನ ಸ್ಕೂಟರು ಬಿತ್ತು.

"ಅಕೋ ಮಾಯಕ್ಕ, ಇಲ್ಲವ್ನೆ!"

ಮಾಯಮ್ಮ ಬೋರ್ಡು ನೋಡಿದಳು. ಬೋರ್ಡಿನ ಮೇಲಿದ್ದ ಹಸುವಿನ ಚಿತ್ರ ನೋಡಿದಳು. ಎದೆ ಎದೆ ಬಡಿದುಕೊಂಡಳು.

"ಅಯ್ಯೋ ಶಿವನೇ! ದನಿನಾಸ್ಪತ್ರೇಲಿ ಮಾಡಿಸ್ಕತಾವ್ನಲ್ಲಪ್ಪೋ!"

ಮೇಕೆ ಬೆದರಿತು. ಹೋರಿ ಹಗ್ಗ ಜಗ್ಗಿತು. ಮಾಯಮ್ಮ ಓಡಿಬಂದು ಮಗನ ಹಣೆ ಮುಟ್ಟಿ, ಕೆನ್ನೆ ಮುಟ್ಟಿ, "ಆಗೋಯ್ತಾ ಮಗಾ? ನಿಂತ್ಕಬ್ಯಾಡ, ಕೂತ್ಕೋ" ಎಂದು ಅಳತೊಡಗಿದಳು. ಗಟ್ಟಿಗಿತ್ತಿ ಅವ್ವ ಅಳುವುದನ್ನು ಅಪ್ಪ ಹೋದ ಮೇಲೆ ರವೀಂದ್ರ ನೋಡಿರಲೇ ಇಲ್ಲ. ಅವಳ ಕೈ ಹಿಡಿದುಕೊಂಡ.

"ಅವ್ವ, ನಂಗೇನಾಗದೆ? ಆಪರೇಷನ್ನು ಬೆಲ್ಲಿಗೆ ಕಣವ್ವ. ನಾಯಿಗೆ!"

ಮಾಯಮ್ಮನ ಅಳು ನಲ್ಲಿ ತಿರುಗಿಸಿದ ಹಾಗೆ ನಿಂತಿತು. ದ್ಯಾವಯ್ಯ ಹೋರಿಯ ಆಚೆ ಬದಿಗೆ ಸರಿದುಕೊಂಡ. ಇನ್ನೇನು ಅವ್ವ ನಗುತ್ತಾಳೆ ಎಂದುಕೊಂಡ ರವೀಂದ್ರ. ಅವಳು ಬೆಂಚಿನ ಕೆಳಗೆ ಮುದುರಿದ್ದ ಬೆಲ್ಲಿಯನ್ನು ನೋಡಿ ಮಗನ ಕಡೆ ತಿರುಗಿದಳು.

"ಪಾಪಿ ಮುಂಡೇದೇ! ನೀನಂತೂ ಒಂದು ಹೆತ್ಕಳ್ಳಿಲ್ಲ. ಇದ್ರ ಒಟ್ಟೆಗೂ ಕಲ್ಲಾಕಕ್ ಬಂದಿದ್ದೀಯಲ್ಲಾ! ನಡಿ, ನಾನು ಇದ್ನ ಊರಿಗೆ ಕರ್ಕಂಡೋಯ್ತೀನಿ."

"ಅವ್ವ, ಅಂಗಲ್ಲ..."

"ಅಂಗೂ ಇಲ್ಲ, ಇಂಗೂ ಇಲ್ಲ!"

ಸರಪಳಿಯ ಒಂದು ತುದಿ ಅವ್ವನ ಕೈಯಲ್ಲಿ, ಇನ್ನೊಂದು ತುದಿ ಮಗನ ಕೈಯಲ್ಲಿ, ನಡುವೆ ಬೆಲ್ಲಿ. ಗಲಾಟೆಗೆ ಡಾಕ್ಟರ್ ಅಶೋಕ್ ಈಚೆಗೆ ಬಂದರು. ಬೆಲ್ಲಿಯನ್ನು ಒಳಗೆ ಕರೆದೊಯ್ದು, ಹೊಟ್ಟೆ ಹಿಸುಕಿ ನೋಡಿ, ಕೈ ತೊಳೆದುಕೊಂಡು ಬಂದರು.

"ಮೇಷ್ಟ್ರೇ, ಈಗ ಆಪರೇಷನ್ ಬೇಡ. ಗಬ್ಬ ಆಗಿದೆ. ಊಟ ಜಾಸ್ತಿಯಾಗಿ ದಪ್ಪ ಆಗಿದೆ ಅಂದ್ಕೊಂಡಿರ್ತೀರಿ, ದಿನ ತುಂಬ್ತಾ ಬಂದಿದೆ."

"ಗೇಟೇ ದಾಟಿಲ್ಲವಲ್ಲ ಸಾರ್!" ಎಂದ ರವೀಂದ್ರ.

"ಅದು ದಾಟದಿದ್ರೇನು, ಯಾರೋ ಕಾಂಪೌಂಡ್ ಹಾರಿರ್ತಾರೆ."

ಮಾಯಮ್ಮ ಊರಿಗೆ ಹೋಗಲಿಲ್ಲ. ಆಟೋದವನ ಹತ್ತಿರ ಸಾರಿಗೆ ಒಂದಿಷ್ಟು ಟೊಮೆಟೊ ಇಸಿದುಕೊಂಡು, ಬಸುರಿ ಬೆಲ್ಲಿಯ ಜೊತೆ ಮಗನ ಮನೆಗೇ ಬಂದಳು. ಬ್ಯಾಂಕಿನಿಂದ ಬಂದ ಪವಿತ್ರ ಬಾಗಿಲಲ್ಲೇ ನಿಂತಳು. ಮಲಗುವ ಕೋಣೆಯ ಮಂಚದ ಮೇಲೆ ಅತ್ತೆಯ ಹಳೇ ಸೀರೆ ಹಾಸಿತ್ತು, ಅದರ ಮೇಲೆ ಬೆಲ್ಲಿ.

"ಬಾಣಂತನ ಮುಗಿಯೋ ಗಂಟ ನಾನಿಲ್ಲೇ ಇರ್ತೀನಿ ಕಣವ್ವ," ಎಂದಳು ಮಾಯಮ್ಮ. "ನೀವಿಬ್ರೂ ಆ ಸೋಫಾ ಇರೋ ಆಲಲ್ಲಿ ಮಲಿಕ್ಕಳಿ. ಮರಿ ಯಾರ್ಗೂ ಕೊಡಕಿಲ್ಲ, ಈಗ್ಲೇ ಏಳಿವ್ನಿ. ನನ್ ಮೊಮ್ಮಕ್ಕಳು."

ಪವಿತ್ರ ಗಂಡನನ್ನು ನೋಡಿದಳು. ಗಂಡ ಫ್ಯಾನು ನೋಡಿದ.

ಅಷ್ಟು ಹೊತ್ತಿಗೆ ಗೇಟು ಕಿರುಗುಟ್ಟಿತು. ದ್ಯಾವಯ್ಯ ಮತ್ತು ಚಿಕ್ಕಬೋರಮ್ಮ. ತಟ್ಟೆಯಲ್ಲಿ ಹೂವು, ಬಾಳೆಹಣ್ಣು. ಹಿಂದೆ ಹಗ್ಗದಲ್ಲಿ ಕರುವಿನಷ್ಟು ಎತ್ತರದ, ಒಂದು ಕಿವಿ ಹರಿದ ಕರಿನಾಯಿ.

"ನಮ್ ಕರಿಯನ್ದೇ ಕೆಲ್ಸ ಕಣಪ್ಪ," ಎಂದಳು ಚಿಕ್ಕಬೋರಮ್ಮ ನಾಚಿಕೊಂಡು. "ಅವತ್ತೊಂದಿನ ಕಾಂಪೌಂಡ್ ಆರಿದ್ದನ್ನ ನಾನೇ ನೋಡಿದ್ದೆ. ಇನ್ಮ್ಯಾಕೆ ನಾವು ಬೀಗ್ರಾದೋ."

"ಮನೇಲಿ ಕಟ್ಟಾಕಿದ್ರೆ ರಾತ್ರೆಲ್ಲಾ ಕೂಗ್ತಾನೆ, ಊಟ ಬ್ಯಾರೆ ಬುಟ್ಟವ್ನೆ," ಎಂದು ದ್ಯಾವಯ್ಯ ಹಗ್ಗವನ್ನು ರವೀಂದ್ರನ ಕೈಗಿತ್ತ. "ಮನೆ ಅಳಿಯ ಅಂತ ಇಟ್ಕೊಬುಡಿ."

ಕರಿಯ ನೇರ ಒಳಗೆ ನಡೆದು, ಸೋಫಾ ಹತ್ತಿ, ಎರಡು ಸುತ್ತು ಸುತ್ತಿ ಮಲಗಿದ. ಆ ರಾತ್ರಿ ರವೀಂದ್ರ ಮಲಗಬೇಕಾಗಿದ್ದ ಜಾಗ ಅದೊಂದೇ.

"ನೋಡ್ತಾ ನಿಂತ್ಕಂಡ್ರೆ ಆಯ್ತದೇನ್ಲಾ?" ಅಡುಗೆಮನೆಯಿಂದ ಮಾಯಮ್ಮನ ಕೂಗು ಬಂತು. "ಅಳಿಯ ಮೊದಲ್ನೇ ಸಲ ಮನೆಗೆ ಬಂದವ್ನೆ. ಬರೀ ಅನ್ನ ಆಕಕ್ಕಾಯ್ತದಾ? ಓಗು, ಒಂದು ಕೆಜಿ ಮಟನ್ ತತ್ತಾ. ಮೂಳೆ ಜಾಸ್ತಿ ಇರ್ಲಿ."

ರವೀಂದ್ರ ಕೈಚೀಲ ತೆಗೆದುಕೊಂಡು ಸ್ಕೂಟರು ಹೊರಡಿಸಿದ.