ಪ್ರಸ್ಥಭೂಮಿಯ ಪಾಠ

ಭೂಗೋಳದ ಮೇಷ್ಟ್ರನ್ನು ಕಂಡರೆ ಭೂಮಿಗೂ ಒಂದಿಷ್ಟು ಚೇಷ್ಟೆ ಮಾಡೋಣ ಅನ್ನಿಸುತ್ತದೋ ಏನೋ. ಎಪ್ಪತ್ತರ ದಶಕದಲ್ಲಿ ಹೊಳಲ್ಕೆರೆಯ ಒಂದು ಹೈಸ್ಕೂಲಿನಲ್ಲಿ ಮೇಷ್ಟ್ರಾಗಿ ಇದ್ದಷ್ಟು ಕಾಲವೂ ನನಗೆ ಹೀಗೇ ಆಗುತ್ತಿತ್ತು.

ಇಳಿಯುವುದೆಲ್ಲಿ?

ನಾನು ಸಮುದ್ರದ ದಂಡೆಯವನು. ಕೆಲಸಕ್ಕೆ ಸೇರಲು ಹೊರಟ ದಿನ ಘಾಟಿಯ ತಿರುವುಗಳಲ್ಲಿ ಹೊಟ್ಟೆ ತೊಳಸಿ ಹಣ್ಣಾಗಿದ್ದೆ. ಹತ್ತಿದ ಮೇಲೆ ಇಳಿಯಲೇಬೇಕಲ್ಲ, ಮತ್ತೆ ಅದೇ ಪಾಡು ಅಂತ ಹೆದರಿ, ಶಿವಮೊಗ್ಗದಲ್ಲಿ ಬಸ್ಸು ಬದಲಿಸಿದ ಮೇಲೂ ಸೀಟಿನ ಕಂಬಿ ಬಿಡಲಿಲ್ಲ. ಕೊನೆಗೆ ತಡೆಯಲಾರದೆ, ಬಸ್ಸು ಕೆಳಗಿಳಿಯುವುದು ಯಾವಾಗ ಅಂತ ಕಂಡಕ್ಟರನ್ನು ಕೇಳಿದೆ.

"ಬಸ್ಸು ಇಳಿಯಲ್ಲ ಸಾರ್. ಹೊಳಲ್ಕೆರೆ ಬಂದಾಗ ನೀವೇ ಇಳೀರಿ" ಅಂದ.

ಕೆಟ್ಟ ಮಾತು

ಇಳಿದು ನೋಡಿದರೆ ಏನು ಬಯಲು, ಏನು ಆಕಾಶ! ನಮ್ಮೂರಲ್ಲಿ ನಾಲ್ಕು ಮಾರು ನೋಡುವಷ್ಟರಲ್ಲಿ ತೆಂಗಿನ ಮರ ಅಡ್ಡ ಬರುತ್ತದೆ. ಇಲ್ಲಿ ಕಣ್ಣಿಗೆ ತಡೆಯೇ ಇಲ್ಲ. ಆ ಹುರುಪಿನಲ್ಲೇ ತರಗತಿಗೆ ಹೋಗಿ, ನಾವಿರುವುದು ಪ್ರಸ್ಥಭೂಮಿಯ ಮೇಲೆ ಅಂದೆ. ಮಕ್ಕಳೆಲ್ಲ ಮುಖ ಮುಚ್ಚಿಕೊಂಡು ನಕ್ಕರು. ಪ್ರಸ್ತವೆಂದರೆ ಮದುಮಕ್ಕಳನ್ನು ಮೊದಲ ರಾತ್ರಿ ಕೋಣೆಗೆ ಕಳಿಸುವ ಶಾಸ್ತ್ರ ಎಂಬುದು ನನಗೆ ಹೊಳೆದೇ ಇರಲಿಲ್ಲ.

ಮರುದಿನ ಕುರಿ ಸಾಕುವ ಅಜ್ಜನೊಬ್ಬ ಕಂಬಳಿ ಹೊದ್ದು ಬಂದ. ಅವನ ಮೊಮ್ಮಗಳು ತನ್ನ ಹಟ್ಟಿಯಿಂದ ಹೈಸ್ಕೂಲಿಗೆ ಬಂದ ಮೊದಲ ಹುಡುಗಿ, ನಮ್ಮ ತರಗತಿಗೇ ಜಾಣೆ. ಇಂಥ ಪಾಠಕ್ಕೆ ಅವಳನ್ನು ಇನ್ನು ಕಳಿಸುವುದಿಲ್ಲ ಅಂದ. ಅದು ಬರೀ ನೆಲದ ಹೆಸರು ಅಂತ ನಾನು ಎಷ್ಟು ಬೇಡಿಕೊಂಡರೂ ಜಗ್ಗಲಿಲ್ಲ.

"ನೆಲಕ್ಕೂ ಪ್ರಸ್ತ ಮಾಡ್ತೀರೇನ್ರಿ ನಿಮ್ಮ ಕಡೆ?"

ರಾಮಗಿರಿ ಬೆಟ್ಟ

ಕಣ್ಣಾರೆ ತೋರಿಸೋಣವೆಂದು ಮಕ್ಕಳ ಜೊತೆ ಅಜ್ಜನನ್ನೂ ರಾಮಗಿರಿ ಬೆಟ್ಟಕ್ಕೆ ಕರೆದೆ. ಅವನು ಎಲ್ಲರಿಗಿಂತ ಮುಂದೆ, ನಾನು ಏದುಸಿರು ಬಿಡುತ್ತಾ ಎಲ್ಲರಿಗಿಂತ ಹಿಂದೆ. ಮೇಲೆ ನಿಂತರೆ ಕೆಂಪು ಹೊಲ, ಹೊಳೆಯುವ ಕೆರೆ, ಚಿಕ್ಕಜಾಜೂರಿನ ಕಡೆ ಹೊಗೆ ಬಿಡುತ್ತಾ ಹೊರಟ ರೈಲು, ದೂರದಲ್ಲಿ ದುರ್ಗದ ಬೆಟ್ಟಗಳು. ಇಷ್ಟು ಚೆಂದದ ನೆಲವನ್ನು ನಾನು ಕಂಡಿರಲಿಲ್ಲ. ಈ ಬಯಲೇ ಸಮುದ್ರಕ್ಕಿಂತ ಬಹಳ ಎತ್ತರದಲ್ಲಿದೆ, ನಮ್ಮೂರು ಇಲ್ಲಿಂದ ಎಷ್ಟೋ ಕೆಳಗೆ ಅಂದೆ. ತನ್ನ ಕುರಿಗಳು ಮೇಯುವುದು ಅಷ್ಟು ಎತ್ತರದಲ್ಲಿ ಅಂತ ತಿಳಿದು ಅಜ್ಜನಿಗೆ ಹೆಮ್ಮೆಯಾಯಿತು. ಮೊಮ್ಮಗಳು ಓದಲಿ, ಆ ಪ್ರಸ್ತದ ಮಾತು ಮಾತ್ರ ಅವಳ ಬಾಯಲ್ಲಿ ಬರಕೂಡದು ಅಂತ ಒಪ್ಪಿದ. ಆಮೇಲೆ ನನ್ನ ಬೆನ್ನು ಸವರಿದ.

"ಬೇಜಾರ್ ಮಾಡ್ಕಬ್ಯಾಡ್ರಿ ಮೇಷ್ಟ್ರೇ. ಅಷ್ಟು ತಗ್ಗಿನಿಂದ ಬಂದೋರಿಗೆ ಏದುಸಿರು ಬರಾದೇ."

ಇನ್‌ಸ್ಪೆಕ್ಟರ್ ಬಂದರು

ಕೆಲವು ದಿನಗಳಲ್ಲೇ ಶಾಲೆಗೆ ಇನ್‌ಸ್ಪೆಕ್ಟರು ಬಂದರು. ಸುದ್ದಿ ತಿಳಿದ ಅಜ್ಜ ಕಿಟಕಿಯಾಚೆ ಕೋಲೂರಿ ನಿಂತಿದ್ದ. ಸಾಹೇಬರು ಎಲ್ಲರನ್ನೂ ಬಿಟ್ಟು ಆ ಹುಡುಗಿಯನ್ನೇ ಎಬ್ಬಿಸಿ, ನಾವಿರುವ ಈ ಎತ್ತರದ ಬಯಲಿಗೆ ಏನನ್ನುತ್ತಾರೆ ಅಂತ ಕೇಳಿದರು. ಹೇಳಿದರೆ ಅಜ್ಜ ಶಾಲೆ ಬಿಡಿಸುತ್ತಾನೆ, ಹೇಳದಿದ್ದರೆ ಸಾಹೇಬರು ದಡ್ಡಿ ಅನ್ನುತ್ತಾರೆ. ಹುಡುಗಿ ಒಮ್ಮೆ ಕಿಟಕಿಯತ್ತ ನೋಡಿ ಕೈಕಟ್ಟಿಕೊಂಡಳು.

"ಗೊತ್ತೈತೆ ಸಾರ್. ಮದ್ವೆ ಆದ್ಮೇಲೆ ಹೇಳ್ತೀನಿ."

ಸಾಹೇಬರಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಆಮೇಲೆ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ಅಜ್ಜ ಮಾತ್ರ ನಗಲಿಲ್ಲ. ಕಿಟಕಿಯ ಹತ್ತಿರ ನನ್ನನ್ನು ಕರೆದು ಗಂಭೀರವಾಗಿ ಹೇಳಿದ:

"ನೋಡ್ರಿ, ಇಸ್ಕೂಲಿಗೆ ಕಳ್ಸಿದ್ದಕ್ಕೆ ಎಷ್ಟು ಮರ್ಯಾದೆ ಕಲ್ತೈತೆ. ಎಸ್ಸೆಲ್ಸಿ ಪಾಸಾಗೋ ತಂಕ ಇದಕ್ಕೆ ಮದ್ವೆ ಮಾತೇ ಬ್ಯಾಡ."