ಕಮ್ಮನಹಳ್ಳಿಯ ಗ್ಲೋಬಲಿಸ್ಟ್

ರುದ್ರಾಣಿ ಬೆಳಿಗ್ಗೆ ಪಾತ್ರೆ ತೊಳೆಯುತ್ತಿದ್ದಾಗ ಬಿಲ್ಡಿಂಗಿನ ವಾಟ್ಸಾಪ್ ಗುಂಪಿನಲ್ಲಿ ಅವಳ ಫೋಟೊ ಬಂತು. ಹಿಂದಿನ ದಿನ ಎದುರುಮನೆಯ ಎಸ್ತರಳಿಗೆ ಉಡಿ ತುಂಬುತ್ತಿದ್ದ ಫೋಟೊ. ಕೆಳಗೆ ಮೇಲ್ಮಹಡಿಯ ಆಶಾರಾಣಿ ಬರೆದಿದ್ದರು: ‘ನಮ್ಮ ಬಿಲ್ಡಿಂಗಿನ ಗ್ಲೋಬಲಿಸ್ಟ್!’

ಎಸ್ತರ್ ಕಾಂಗೋ ದೇಶದವಳು. ಒಬ್ಬ ಮಗನಿದ್ದಾನೆ, ಈಗ ಮತ್ತೆ ತುಂಬು ಬಸುರಿ. ಯಾರದೋ ಸೀಮಂತದ ವಿಡಿಯೊ ತೋರಿಸಿ, “ಅಕ್ಕಾ, ನನಗೆ ಮಾಡ್ತೀಯಾ?” ಎಂದು ಕೇಳಿದ್ದಳು.

ರುದ್ರಾಣಿಗೆ ಮಕ್ಕಳಿಲ್ಲ. ಬಳಗದ ಸೀಮಂತಗಳಲ್ಲಿ ರೊಟ್ಟಿ ತಟ್ಟಲು ಕರೆಯುತ್ತಿದ್ದರೇ ಹೊರತು ಉಡಿ ತುಂಬಲು ಯಾರೂ ಕರೆದಿರಲಿಲ್ಲ. ಎಸ್ತರಳಿಗೆ ಅದು ಗೊತ್ತಿರಲಿಲ್ಲ. ರುದ್ರಾಣಿ ಹೇಳಲೂ ಇಲ್ಲ. ಅವಳ ಮಡಿಲಿಗೆ ಅಕ್ಕಿ, ಕೊಬ್ಬರಿಯನ್ನು ಎರಡೂ ಕೈಯಿಂದ ತುಂಬಿ ತುಂಬಿ ಹಾಕಿದ್ದಳು.

“ಗ್ಲೋಬಲಿಸ್ಟ್ ಅಂದ್ರ ಏನ್ರೀ?” ಎಂದು ಗಂಡನನ್ನು ಕೇಳಿದಳು.

“ದೇಶಾನ ಮಾರಿ ಉಣ್ಣಾವ್ರು. ಟೀವ್ಯಾಗ ದಿನಾ ಬೈತಾರ,” ಎಂದ ಪ್ರಭುಲಿಂಗ, ಶೂ ಹಾಕಿಕೊಳ್ಳುತ್ತ.

“ಹಳೇ ಪೇಪರ್ ಬಿಟ್ಟು ನಾ ಏನ್ ಮಾರೀನ್ರೀ?”

ಹಾಲಿನಂಗಡಿಯ ಬೈಲಪ್ಪ ಬೇರೆಯೇ ಅರ್ಥ ಹೇಳಿದ. “ಊರೂರಲ್ಲಿ ದೊಡ್ಡ ಅಂಗಡಿ ಇಟ್ಟು ನಮ್ಮಂಥೋರ ಹೊಟ್ಟೆ ಮೇಲೆ ಹೊಡೀತಾರಲ್ಲ, ಅವ್ರು ಕಣಮ್ಮ. ನಿಮಗ್ಯಾಕೆ ಅದು? ಅರ್ಧ ಲೀಟ್ರೇ ತಾನೇ?”

ಬ್ಲೌಸ್ ಹೊಲಿಯುವ ಜಹನಾರಾ ನಕ್ಕಳು. “ಅದಕ್ಕೆ ಅಳತೆ ಇಲ್ಲ ಅಕ್ಕಾ. ಯಾರ ಮೈಗೆ ಬೇಕಾದ್ರೂ ಆಗುತ್ತೆ.”

ರುದ್ರಾಣಿ ಒಬ್ಬಳೇ ಕೆ.ಆರ್.ಪುರದ ಆಚೆಗೆ ಹೋದವಳಲ್ಲ. ಆದರೂ ಆ ಮಾತು ಸೆರಗಿಗೆ ಹತ್ತಿದ ಉತ್ತರಾಣಿಯಂತೆ ಎಷ್ಟು ಕೊಡವಿದರೂ ಬೀಳಲಿಲ್ಲ. ಮಧ್ಯಾಹ್ನದ ಹೊತ್ತಿಗೆ, ನೀರಿನ ಟ್ಯಾಂಕರ್ ಬರದಿರುವುದಕ್ಕೂ ಗ್ಲೋಬಲಿಸ್ಟರೇ ಕಾರಣವೆಂದು ಕೆಳಮನೆಯ ಸಂಗನಬಸಪ್ಪ ಬರೆದರು. ಹನ್ನೊಂದು ಜನ ಕೈ ಮುಗಿದರು.

ಪ್ರಭುಲಿಂಗ ಆಫೀಸಿನಿಂದ ಫೋನ್ ಮಾಡಿದ. “ಮನಿ ಓನರ್ ನನ್ನ ಕೇಳಾಕತ್ತಾರ. ಅದು ಉಡಿ ಅಲ್ಲಂತ ಬರದ್ ಹಾಕು. ಮನಿ ಬಿಡ್ಸಿದ್ರ ಎಲ್ಲಿಗೆ ಹೋಗೂದು?”

ಅವಳು ಮೂರು ಸಲ ಬರೆದು ಅಳಿಸಿದಳು. ಕೊನೆಗೆ ಕಳಿಸಿದಳು: ‘ಅದು ಉಡಿ ಅಲ್ಲ. ಸುಮ್ಮನೆ ಅಕ್ಕಿ ಕೊಟ್ಟೆ.’

ಗುಂಪು ತಣ್ಣಗಾಯಿತು. ಟ್ಯಾಂಕರೂ ಬಂತು.

ಸಂಜೆ ಆಶಾರಾಣಿ ಕುಂಕುಮದ ಬಟ್ಟಲು ಹಿಡಿದು ಬಾಗಿಲಲ್ಲಿ ನಿಂತರು. “ಭಾನುವಾರ ನಮ್ಮ ಮಗಳು ಶೀತಲ್ ಸೀಮಂತ ರೀ, ಬರ್ಲೇಬೇಕು. ಫೋಟೊ ನೋಡಿದಾಗಿಂದ ಒಂದೇ ಹಠ ಅವಳ್ದು, ಮೊದಲ ಉಡಿ ರುದ್ರಾಣಿ ಆಂಟೀನೇ ತುಂಬಬೇಕು ಅಂತ. ಅಷ್ಟು ಪ್ರೀತಿಯಿಂದ ಯಾರು ತುಂಬ್ತಾರೆ ಅಂದ್ಳು. ನಾನೂ ಹ್ಞೂಂ ಅಂದ್ಬಿಟ್ಟಿದ್ದೆ.”

ರುದ್ರಾಣಿ ಒದ್ದೆ ಕೈ ಸೆರಗಿಗೆ ಒರೆಸಿಕೊಂಡು ಕುಂಕುಮಕ್ಕೆ ಕೈ ಚಾಚಿದಳು.

“ಆದ್ರೆ ಅದು ಉಡೀನೇ ಅಲ್ಲ ಅಂತ ನೀವೇ ಬರೆದ್ರಲ್ಲ! ಅವಳಿಗೆ ತೋರಿಸ್ದೆ, ಮುಖ ಸಣ್ಣ ಮಾಡ್ಕೊಂಡ್ಳು. ಕೊನೆಗೆ ಮೊದಲ ಉಡಿ ತುಂಬೋಕೆ ಎಸ್ತರ್‌ಗೆ ಹೇಳಿದೀವಿ. ಹೇಗಿದ್ರೂ ಅವಳಿಗೆ ಮಗ ಇದಾನೆ, ಅಳಿಯನ ಆಫೀಸಿನವ್ರೂ ಬರ್ತಾರೆ, ಫೋಟೊ ಚೆನ್ನಾಗಿರುತ್ತೆ. ಈಗ ಜಗತ್ತೇ ಒಂದು ಮನೆ, ಅಲ್ವೇನ್ರೀ? ಆದ್ರೆ ಕ್ರಮ ಗೊತ್ತಿಲ್ಲ ಪಾಪ ಅವಳಿಗೆ. ನೀವು ಸ್ವಲ್ಪ ಹೇಳ್ಕೊಡಿ.”

ಅವರ ಹಿಂದೆ ಎಸ್ತರ್ ಸಂಕೋಚದಿಂದ ನಿಂತಿದ್ದಳು.

“ಮೊದಲ ಅರಿಷಿಣ ಕುಂಕುಮ ಹಚ್ಚಬೇಕವ್ವ,” ಎಂದಳು ರುದ್ರಾಣಿ. “ಆಮೇಲೆ…”

ಒಳಗೆ ಹೋಗಿ ಒಂದು ಹಿಡಿ ಅಕ್ಕಿ ತಂದು ಎಸ್ತರಳ ಕೈಗೆ ಹಾಕಿದಳು.